ತಪ್ಪು ಊಹೆಗೆ ಚಪ್ಪಾಳೆ

"ತೇಲುತ್ತೆ."

"ಇಲ್ಲ ಟೀಚರ್, ಮುಳುಗುತ್ತೆ. ಎಷ್ಟು ದಪ್ಪ ಇದೆ ನೋಡಿ."

ಟೀಚರ್ ಕಿತ್ತಳೆಯನ್ನು ನೀರಿನ ಬಕೆಟ್ಟಿಗೆ ಬಿಟ್ಟಳು. ಮುಳುಗುವಂತೆ ನಟಿಸಿ ಅದು ಮೇಲೆದ್ದು ತೇಲಿತು. ತರಗತಿಯೆಲ್ಲ ತಪ್ಪು ಹೇಳಿದ ಹುಡುಗಿಗೆ ಚಪ್ಪಾಳೆ ತಟ್ಟಿತು.

ಆ ನಿಯಮ ಟೀಚರ್‌ದೇ. ಊಹೆ ತಪ್ಪಾದವರಿಗೆ ಚಪ್ಪಾಳೆ. ಹೊಸದೊಂದು ಗೊತ್ತಾಗುವುದು ಅವರಿಗೇ ತಾನೆ? ವಿಜ್ಞಾನವೆಂದರೆ ಬೆಂಚಿನ ಕೆಳಗೆ ಅಡಗುತ್ತಿದ್ದ ಎರಡನೇ ತರಗತಿ ಈಗ ತಪ್ಪು ಹೇಳಲು ಪೈಪೋಟಿ ನಡೆಸುತ್ತಿತ್ತು. ಅವಳಿಗೆ 'ಬಕೆಟ್ ಟೀಚರ್' ಎಂದು ಹೆಸರಿಟ್ಟವರೂ ಅವರೇ.

ಇವತ್ತು ಮಾತ್ರ ಆ ಚಪ್ಪಾಳೆ ಅವಳ ಕೆನ್ನೆಗೇ ಬಿದ್ದಂತಾಯಿತು.

ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಕುಂಚ ತೊಳೆಯುತ್ತಿದ್ದ. ಬೇರೆ ಊರಿನ ದೊಡ್ಡ ಶಾಲೆಯವರು ತನ್ನನ್ನು ಕೆಲಸಕ್ಕೆ ಕರೆದಿದ್ದಾರೆ, ಸಂಜೆಯೊಳಗೆ ಉತ್ತರ ಕೊಡಬೇಕು ಎಂದಳು. ಅವನು ಇನ್ನೊಂದು ಕುಂಚ ತೊಳೆಯಲು ಎತ್ತಿಕೊಂಡ. ಕೊನೆಗೆ ಅವಳೇ ಧೈರ್ಯ ಮಾಡಿದಳು.

"ಹೋಗಬೇಡಿ ಅಂತೀರಿ ಅಂದ್ಕೊಂಡಿದ್ದೆ."

ಅವನು ಕುಂಚ ಕೆಳಗಿಟ್ಟು ಒದ್ದೆ ಕೈಯಲ್ಲೇ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಬೆಲ್ ಹೊಡೆಯಿತು. ಅವಳು ಬಕೆಟ್ ಎತ್ತಿಕೊಂಡು ಬಂದುಬಿಟ್ಟಳು.

ಊಹೆ ತಪ್ಪು ಎಂದು ತಾನೆ ಅರ್ಥ? ಹಾಗಾದರೆ ಅವನು ಬಕೆಟ್ಟಿನ ಮೇಲೆ ನಗುವ ಮೀನು ಬರೆದುಕೊಟ್ಟದ್ದು? ಆಟಕ್ಕೆಂದು ದಿನಾ ಜೇಬಿನಲ್ಲಿ ಬೆಂಡು, ಗುಂಡಿ, ಮುರಿದ ಬಳಪ ತಂದದ್ದು... ಬರೀ ಮಕ್ಕಳಿಗಾಗಿಯಾ? ಚಪ್ಪಾಳೆ ತಟ್ಟುವಾಗ ಅವನು ನಗುತ್ತಿದ್ದನಾ? ಅದೂ ನೆನಪಾಗುತ್ತಿಲ್ಲ.

"ಟೀಚರ್, ಸುಲೀತಾ ಇದ್ದೀರಲ್ಲ, ತಿನ್ನೋಕಾ?"

ಅವಳು ಕೈ ನೋಡಿಕೊಂಡಳು. ನೀರಿನಿಂದ ಕಿತ್ತಳೆ ತೆಗೆದದ್ದು ಯಾವಾಗ, ಸಿಪ್ಪೆ ಬಿಡಿಸಿದ್ದು ಯಾವಾಗ?

"ಅಲ್ಲ... ಈಗ ಊಹೆ ಮಾಡಿ."

"ತೇಲುತ್ತೆ. ಹಗುರ ಆಯ್ತಲ್ಲ."

ಸುಲಿದ ಹಣ್ಣು ಸೀದಾ ತಳ ಸೇರಿತು. ಚಪ್ಪಾಳೆಯ ಹಿಂದೆಯೇ ಎಲ್ಲರೂ ಒಟ್ಟಿಗೆ ಕೇಳಿದರು: "ಯಾಕೆ?"

"ಸಿಪ್ಪೆಯಲ್ಲಿ ಪುಟ್ಟ ಪುಟ್ಟ ಜಾಗಗಳಲ್ಲಿ ಗಾಳಿ ಇತ್ತು. ಅದೇ ತೇಲಿಸ್ತಿತ್ತು."

"ಪಾಪ, ಅದರ ಅಂಗಿ ಕಿತ್ಕೊಂಡುಬಿಟ್ರಿ," ಎಂದಳು ಮೊದಲ ಬೆಂಚಿನವಳು.

ನಾನೂ ಬೆಳಿಗ್ಗೆ ಹಾಗೇ ನಿಂತಿದ್ದೆನಲ್ಲ, ಎಂದುಕೊಂಡಳು ಟೀಚರ್.

ಶಾಲೆ ಬಿಟ್ಟಿತು. ಅವಳು ನೀರು ಚೆಲ್ಲಲು ಹೊರಟಾಗ ಬಾಗಿಲಲ್ಲಿ ಡ್ರಾಯಿಂಗ್ ಮೇಷ್ಟ್ರು. ಕೇಳದೆಯೇ ಬಕೆಟ್ಟನ್ನು ಎರಡೂ ಕೈಗೆ ತೆಗೆದುಕೊಂಡ.

"ಬೆಳಿಗ್ಗೆ ಓಡಿಬಿಟ್ರಿ."

"ಚಪ್ಪಾಳೆ ಕೇಳಿಸ್ತು. ಸಾಕಾಯ್ತು."

"ಚಪ್ಪಾಳೆ ಆದ್ಮೇಲೆ ಯಾಕೆ ಅಂತ ಕೇಳ್ಬೇಕು. ಎರಡನೇ ತರಗತಿಗೆ ಗೊತ್ತು, ಅವರ ಟೀಚರ್‌ಗೆ ಗೊತ್ತಿಲ್ಲ."

"ಸರಿ, ಯಾಕೆ?"

"ಹೋಗಬೇಡಿ ಅಂತ ನಾನು ಯಾವತ್ತೂ ಅನ್ನಲ್ಲ. ಆ ಕೆಲಸ ನಿಮಗೆ ಇಷ್ಟ. ಹೋಗಿ. ಆ ಊರಲ್ಲೂ ಮಕ್ಕಳು ಗೋಡೆ ಮೇಲೆ ಗೀಚ್ತಾರೆ, ಅವರಿಗೂ ಒಬ್ಬ ಮೇಷ್ಟ್ರು ಬೇಕಾಗ್ತಾನೆ... ಅನ್ನೋಕೆ ಬಾಯಿ ತೆರೆದೆ. ಬೆಲ್ ಹೊಡೀತು."

ಸಂತೋಷವೋ ಭಯವೋ ಅವಳಿಗೆ ತಿಳಿಯಲಿಲ್ಲ. ನಾಲಿಗೆ ತನ್ನ ಪಾಡಿಗೆ ಹೊರಟಿತು.

"ನನಗೋಸ್ಕರ ಎಲ್ಲಾ ಬಿಟ್ಟು ಬಂದು, ಆಮೇಲೆ ಬೇಜಾರಾದ್ರೆ? ಬೇಡ ಮೇಷ್ಟ್ರೇ. ಒಳ್ಳೆ ಸ್ನೇಹಿತರಾಗಿ ಇದ್ದುಬಿಡೋಣ. ಫೋನ್ ಮಾಡ್ತಾ ಇರ್ತೀನಿ. ಇದಕ್ಕೆ ನೀವು ಒಪ್ತೀರಿ... ಅಂತ ನನ್ನ ಊಹೆ."

ಅವನು ಬಕೆಟ್ ನೋಡಿದ. ಅವಳ ಮುಖ ನೋಡಿದ. ಚಪ್ಪಾಳೆಗೆ ಕೈ ಖಾಲಿ ಇರಲಿಲ್ಲ, ಬಾಯಲ್ಲೇ ಹೇಳಬೇಕಾಯಿತು.

"ಒಪ್ಪಲ್ಲ."