ಕವಾಟ ಮುಚ್ಚಿದ ಕೊಳವೆ

ನಮ್ಮ ಪ್ರಯೋಗಾಲಯದ ಗಾಜಿನ ಕೊಳವೆಗಳನ್ನು ಬಾಯಿಂದ ಊದಿ ರೂಪಿಸುತ್ತಿದ್ದವರನ್ನು ನಾವೆಲ್ಲ ಗಾಜಣ್ಣ ಎನ್ನುತ್ತಿದ್ದೆವು. "ಇದರೊಳಗಿರೋದು ನನ್ನ ಉಸಿರು ಕಣಪ್ಪಾ, ನಿನ್ನ ಆರ್ಗಾನ್ ಬರೀ ಬಾಡಿಗೆಗಿದೆ," ಎಂದು, ಆ ಕೊಳವೆಗಳಿಗೆ ಆರ್ಗಾನ್ ಅನಿಲ ತುಂಬುತ್ತಿದ್ದ ನನ್ನನ್ನು ಛೇಡಿಸುತ್ತಿದ್ದರು.

ಒಂದು ಸಂಜೆ ನಾನು ಆರ್ಗಾನ್ ಸಿಲಿಂಡರಿನ ಕವಾಟ ಮುಚ್ಚದೆ ಮನೆಗೆ ಹೋದೆ. ವಾಸನೆಯಿಲ್ಲದ ಆ ಅನಿಲ ತುಂಬಿದ್ದ ಕೋಣೆಗೆ ಬೆಳಿಗ್ಗೆ ಮೊದಲು ಕಾಲಿಟ್ಟ ಗಾಜಣ್ಣ ಉಸಿರುಗಟ್ಟಿ ಸತ್ತರು. ತನಿಖೆಯ ವರದಿಯಲ್ಲಿ 'ಸೋರಿಕೆ' ಎಂದಷ್ಟೇ ಇದೆ. ನಾನು ತಿದ್ದಲಿಲ್ಲ.

ಹನ್ನೆರಡು ದಿನಗಳ ನಂತರ, ಅವರು ಮಾಡಿದ ಕೊನೆಯ ಕೊಳವೆಯಲ್ಲಿ ವಿದ್ಯುತ್ ಹರಿಸಿ ನೇರಳೆ ದೀಪ್ತಿ ಹೊತ್ತಿಸಿದೆ. ಅದರಲ್ಲಿ ಅನಿಲದ ಹರಿವು ಹೆಚ್ಚಿದರೆ ವೋಲ್ಟೇಜ್ ಏರುತ್ತದೆ, ತಗ್ಗಿದರೆ ಇಳಿಯುತ್ತದೆ. ಅಂದು ಎರಡೂ ಕವಾಟಗಳು ಮುಚ್ಚಿದ್ದವು, ಸಿಲಿಂಡರನ್ನೂ ಬಿಚ್ಚಿ ಒಯ್ದಿದ್ದರು. ಆದರೂ ಮಾಪಕದ ಮುಳ್ಳು ನಿಮಿಷಕ್ಕೆ ಹದಿನಾರು ಬಾರಿ ಏರಿ ಇಳಿಯಿತು. ಮಾಪಕ ಬದಲಿಸಿದೆ, ಆಗಲೂ ಹದಿನಾರೇ. ಪ್ರತಿ ಏರಿಕೆಗೂ ಗಾಜಿನ ಒಳಮೈ ಮಬ್ಬಾಗಿ, ಮತ್ತೆ ತಿಳಿಯಾಗುತ್ತಿತ್ತು.

ಗಂಡನ ವಸ್ತುಗಳನ್ನು ಒಯ್ಯಲು ಬಂದ ಗಾಜಣ್ಣನ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ಮುಳ್ಳನ್ನೇ ನೋಡುತ್ತ ಕುರ್ಚಿ ಎಳೆದು ಕುಳಿತರು.

"ನಡುವೆ ಒಂದ್ಸಲ ತಡೆದು, ಆಮೇಲೆ ಬಿಡೋದು... ಇವರು ಮಲಗಿದಾಗ ಉಸಿರು ಹೀಗೇ ಇತ್ತು. ಆರಿಸ್ಬೇಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ."

ಆರಿಸಲಿಲ್ಲ. ಪ್ರತಿ ಮಧ್ಯಾಹ್ನ ಆಕೆ ಬಂದು ಕೂರುತ್ತಾರೆ, ನಾನು ಎಣಿಸಿ ಬರೆಯುತ್ತೇನೆ. ಮೊನ್ನೆ ಹನ್ನೊಂದಿತ್ತು, ನಿನ್ನೆ ಏಳು.

"ಇವತ್ತು ತುಂಬಾ ನಿಧಾನ ಅಲ್ವಾ? ಒಳ್ಳೇ ನಿದ್ದೆ ಹತ್ತಿರ್ಬೇಕು," ಎಂದು ಅತ್ತಿಗೆ ಪಿಸುಗುಟ್ಟಿದರು.

ನಾನು ಹೌದೆಂದು ತಲೆಯಾಡಿಸಿ, ಮೂರು ಎಂದು ಬರೆದೆ.