ನಿವಾಳಿಸಿದ ಕಾರು

“ಮನೇಲಿ ಏನು ಬೇಕಾದ್ರೂ ಮುಟ್ಟಿ ಅಳೀಂದ್ರೆ. ಆ ಕಾರಿನ ತಂಟೆಗೆ ಮಾತ್ರ ಹೋಗಬೇಡಿ,” ಎಂದಳು ಮುನಿಗಂಗಮ್ಮ.

“ಯಾಕತ್ತೆ?”

“ಅದು ನಿವಾಳಿಸಿ ಬಿಟ್ಟಿರೋದು.”

ಮೋಹನ್‌ಬಾಬು ಮುರಿದ ಮುದ್ದೆಯ ತುತ್ತನ್ನು ತಟ್ಟೆಗೇ ಇಟ್ಟು ನಕ್ಕ. “ನಿಂಬೆಹಣ್ಣು ನಿವಾಳಿಸ್ತಾರೆ, ಕುಂಬಳಕಾಯಿ ನಿವಾಳಿಸ್ತಾರೆ. ಒಂದು ಟನ್ ಕಾರನ್ನ ಎತ್ತಿ ಮೂರು ಸುತ್ತು ತಿರುಗಿಸಿದ ಭೀಮ ಯಾರತ್ತೆ?”

ಹೆಂಡತಿ ಯಾಮಿನಿಗೆ ನಗು ತಡೆಯಲಾರದೆ ನೆತ್ತಿಗೆ ಹತ್ತಿತು. ಅತ್ತೆ ನಗಲಿಲ್ಲ. ಯಾರಿಗೆ ನಿವಾಳಿಸಿದ್ದು, ಯಾಕೆ ನಿವಾಳಿಸಿದ್ದು ಎಂದು ಅಳಿಯ ಎರಡು ಸಲ ಕೇಳಿದರೂ ಬಾಯಿ ಬಿಡದೆ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಮೋಹನ್‌ಬಾಬು ಗೌರಿಬಿದನೂರಿನವನು. ಶಿಡ್ಲಘಟ್ಟದ ಐಟಿಐ ಒಂದರಲ್ಲಿ ಹುಡುಗರಿಗೆ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಿದ್ದ. ಜಂಗಮಕೋಟೆಯ ಈ ಮನೆಗೆ ಮನೆಅಳಿಯನಾಗಿ ಬಂದಿದ್ದ. ಮನೆಅಳಿಯನ ಪಾಡು ಅನುಭವಿಸಿದವರಿಗೇ ಗೊತ್ತು. ಮಾವ ಆವಲಪ್ಪ ಮದುವೆಗೆ ಮೊದಲೇ ತೀರಿಕೊಂಡಿದ್ದರೂ ಹಿಪ್ಪುನೇರಳೆ ತೋಟ ಆವಲಪ್ಪನದು, ಹಸು ಆವಲಪ್ಪನದು, ಕೂರುವ ಕುರ್ಚಿಯೂ ಆವಲಪ್ಪನದು. ಊರವರು ಅವನನ್ನು ಕರೆಯುತ್ತಿದ್ದದ್ದೂ ಆವಲಪ್ಪನ ಅಳಿಯ ಎಂದೇ. ಹಿತ್ತಿಲಿನ ಹಳೇ ರೇಷ್ಮೆ ಹುಳುಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ನಿಂತ ಆ ಫಿಯೆಟ್ ಕಾರನ್ನು ಎಬ್ಬಿಸಿ ರಸ್ತೆಗೆ ತಂದರೆ, ಇದು ಮೋಹನ್‌ಬಾಬು ಕೈಕೆಲಸ ಎಂದು ನಾಲ್ಕು ಜನ ಅನ್ನುತ್ತಾರೆ. ಆ ಒಂದು ಮಾತಿಗಾಗಿ ಅವನ ಜೀವ ತಹತಹಿಸುತ್ತಿತ್ತು. ಅತ್ತೆ ಬೇಡ ಅಂದದ್ದು ಅವನ ಹಟಕ್ಕೆ ಉಪ್ಪು ಖಾರ ಹಚ್ಚಿದಂತಾಯಿತು.

ಆ ವಾರದ ಭಾನುವಾರವೇ ಹುಳುಮನೆಯ ಬೀಗ ಒಡೆದ. ಒಳಗೆ ಹಗಲಿನಲ್ಲೂ ಕತ್ತಲೆ. ರೇಷ್ಮೆ ಹುಳು ಸಾಕಲೆಂದು ಕಟ್ಟಿದ ಕೋಣೆಗೆ ಕಿಟಕಿ ಎರಡೇ, ಅವಕ್ಕೂ ಗೋಣಿಚೀಲ ಹೊಡೆದಿತ್ತು. ಬ್ಲೀಚಿಂಗ್ ಪೌಡರಿನ ಘಾಟು, ಸುಣ್ಣದ ವಾಸನೆ, ಅದರಡಿಯಲ್ಲಿ ಸತ್ತ ಹುಳುಗಳು ಕೊಳೆತ ಸಿಹಿಗಮಟು. ಮಧ್ಯದಲ್ಲಿ ಟಾರ್ಪಾಲು ಹೊದ್ದು ಕಾರು ನಿಂತಿತ್ತು. ಬಾನೆಟ್ಟಿನ ಮೇಲೆ ಕೈಯಿಟ್ಟಾಗ ಒಳಗಿಂದ ಒಂದು ಸದ್ದು ಕೇಳಿಸಿತು. ಗೂಡು ಕಟ್ಟುವ ಮುಂಚೆ ಹಣ್ಣಾಗಲು ಬಂದ ಹುಳುಗಳು ರಾಶಿ ಸೊಪ್ಪನ್ನು ಒಟ್ಟಿಗೆ ಮೇಯುವಾಗ ಬರುತ್ತದಲ್ಲ, ಆ ಸರಸರ ಸದ್ದು. ಬಾನೆಟ್ ಎತ್ತಿದ. ಸದ್ದು ನಿಂತಿತು. ಒಂದು ಇಲಿಯ ಹಿಕ್ಕೆಯೂ ಇರಲಿಲ್ಲ.

ಮೊದಲು ಬಿಚ್ಚಿದ್ದು ಮುಂದಿನ ದೀಪಗಳನ್ನು. ಗಾಜಿನ ಹಿಂದೆ, ಬಲ್ಬು ಕೂರುವ ಜಾಗದಲ್ಲಿ, ಕಾಡಿಗೆ ಮೆತ್ತಿದ ಬಟ್ಟೆಯ ಸಣ್ಣ ಗಂಟು ತುರುಕಿತ್ತು. ಯಾವುದೋ ಕೊಳಕು ಎಂದು ಬಚ್ಚಲಿನ ಹಂಡೆ ಒಲೆಗೆ ಎಸೆದ. ಹೊಸ ವೈರು ಎಳೆದು ಬ್ಯಾಟರಿ ಕೊಟ್ಟಾಗ ದೀಪಗಳು ಹಳದಿಯಾಗಿ ಹೊತ್ತಿಕೊಂಡವು. ಅವನ ಸಂತೋಷಕ್ಕೆ ಪಾರವಿರಲಿಲ್ಲ.

ಅದೇ ಸಂಜೆ ಯಾಮಿನಿ, ಮನೆಯೊಳಗೆ ತಾನು ಸಾಕುತ್ತಿದ್ದ ತಟ್ಟೆಯ ಹುಳುಗಳ ಮೇಲೆ ಬಗ್ಗಿ ತುಂಬ ಹೊತ್ತು ನಿಂತಳು. ಹುಳು ಸಾಕುವುದರಲ್ಲಿ ಅವಳು ಅಪ್ಪನಿಗಿಂತ ಒಂದು ಕೈ ಮೇಲು. ರೋಗದ ಹುಳುವನ್ನು ದೂರದಿಂದಲೇ ಆರಿಸಿ ಬಿಸಾಡುವವಳು. “ರೀ, ಎಲ್ಲ ಮಂಜು ಮಂಜಾಗಿ ಕಾಣ್ತಿದೆ,” ಎಂದಳು. ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರು ಎಲ್ಲ ಸರಿಯಾಗಿದೆ ಎಂದು ತೊಟ್ಟು ಹಾಕುವ ಔಷಧಿ ಬರೆದುಕೊಟ್ಟರು.

ಮುನಿಗಂಗಮ್ಮ ಅಳಿಯನನ್ನು ಹಿತ್ತಿಲಲ್ಲಿ ಹಿಡಿದು ನಿಲ್ಲಿಸಿದಳು. “ಆ ಕಾರಿನ ದೀಪದಲ್ಲಿ ಏನಾದ್ರೂ ಸಿಕ್ತಾ?”

“ಏನೋ ಹಳೇ ಬಟ್ಟೆ. ಒಲೆಗೆ ಹಾಕ್ದೆ.”

ಅತ್ತೆ ಅವನ ಎರಡೂ ಕೈ ಹಿಡಿದುಕೊಂಡಳು. “ಇಷ್ಟಕ್ಕೇ ನಿಲ್ಲಿಸಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಯಾಕೆ ಅಂತ ಹೇಳಿ, ನಿಲ್ಲಿಸ್ತೀನಿ.”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಮಗಳಿಗೆ ಉಪ್ಪು ನಿವಾಳಿಸಿದಳು.

ಮುಂದಿನ ರಜೆಯಲ್ಲಿ ಹಾರನ್ ಬಿಚ್ಚಿದ. ಒಳಗೆ ನೂಲು ಸುತ್ತಿದ ಒಂದು ಹಾಲುಹಲ್ಲು. ಮಕ್ಕಳು ಹಲ್ಲನ್ನು ಎಲ್ಲೆಲ್ಲೋ ಎಸೆಯುತ್ತಾರೆ, ಇದು ಹೇಗೋ ಇಲ್ಲಿ ಸೇರಿದೆ ಅಂದುಕೊಂಡ. ಅದೂ ಒಲೆಗೆ. ಹಾರನ್ ಒತ್ತಿದಾಗ ಹುಳುಮನೆ ನಡುಗುವಂತೆ ಕೂಗಿತು. ಎರಡು ದಿನದಲ್ಲಿ ಯಾಮಿನಿಯ ದನಿ ಕಟ್ಟಿತು. ಶೀತ ಅಂದರು. ಆಮೇಲೆ ಪಿಸುಮಾತೂ ಹೋಯಿತು. ಗಂಟಲಿಗೆ ಪರೀಕ್ಷೆ, ತಲೆಗೆ ಸ್ಕ್ಯಾನು, ಎಲ್ಲವೂ ಸರಿಯಾಗಿದೆ ಎಂದೇ ವರದಿ. ಮೋಹನ್‌ಬಾಬು ಆಸ್ಪತ್ರೆಗೆ ಅಲೆದು ಬಂದು ಕಾರಿನ ಕೆಳಗೆ ಮಲಗುತ್ತಿದ್ದ. ಅಲ್ಲಿ ಮಾತ್ರ ಅವನಿಗೆ ಯಾವುದು ಕೆಟ್ಟಿದೆ, ಯಾವುದನ್ನು ಹೇಗೆ ಸರಿಮಾಡಬೇಕು ಎಂದು ತಿಳಿಯುತ್ತಿತ್ತು. ಅಷ್ಟು ಸಮಾಧಾನವೂ ಬೇಡವೇ ಮನುಷ್ಯನಿಗೆ?

ನಾಲ್ಕು ಗಾಲಿಗಳೂ ಬಿಗಿದುಕೊಂಡಿದ್ದವು. ಬ್ರೇಕ್ ಡ್ರಮ್ಮುಗಳನ್ನು ಸುತ್ತಿಗೆಯಿಂದ ಬಡಿದು ಬಿಡಿಸಿದರೆ ಒಂದೊಂದರಲ್ಲೂ ಒಂದೊಂದು ಪುಟ್ಟ ಕಾಲ್ಗೆಜ್ಜೆಯ ಗುಂಡು, ಗ್ರೀಸಿನಲ್ಲಿ ಹುದುಗಿ ಕೂತಿತ್ತು. ಇಷ್ಟೆಲ್ಲ ಕಂಡೂ ಎಚ್ಚೆತ್ತುಕೊಳ್ಳದವನನ್ನು ದಡ್ಡ ಅನ್ನುವ ಹಾಗಿಲ್ಲ, ಅವನು ಓದಿದವನು. ಗ್ರೀಸಿನ ಜೊತೆ ಅವನ್ನೂ ಕೆರೆದು ಒಲೆಗೆ ಹಾಕಿದ. ಗಾಲಿಗಳು ಬೆರಳಲ್ಲಿ ತಳ್ಳಿದರೂ ತಿರುಗತೊಡಗಿದವು.

ಮಾರನೇ ಬೆಳಗ್ಗೆ ಯಾಮಿನಿ ಹಾಸಿಗೆಯಿಂದ ಏಳಲಿಲ್ಲ. ಕೈ ಎತ್ತಿ ಬಿಟ್ಟರೆ ಹಾಗೇ ಬೀಳುತ್ತಿತ್ತು. ಕಣ್ಣುಗಳು ತೆರೆದೇ ಇದ್ದವು, ಅವುಗಳಲ್ಲಿ ನೋಟ ಇರಲಿಲ್ಲ. ಮುನಿಗಂಗಮ್ಮ ಮಗಳ ಕಾಲಬುಡದಲ್ಲಿ ಕುಸಿದು ಕೂತು ಕೊನೆಗೂ ಬಾಯಿ ಬಿಟ್ಟಳು.

“ಇವಳಿಗೆ ಏಳು ವರ್ಷ ಇದ್ದಾಗ ಹಿಂಗೇ ಆಗಿತ್ತು. ಮೊದ್ಲು ಕಣ್ಣು, ಆಮೇಲೆ ಮಾತು, ಆಮೇಲೆ ಕೈಕಾಲು. ಕೊನೆಗೆ ಉಸಿರೂ ಎಳೀತಿತ್ತು. ಯಾವ ಡಾಕ್ಟ್ರ ಕೈಲೂ ಆಗಲಿಲ್ಲ. ಗಡಿ ಆಚೆಯಿಂದ ಒಬ್ಬ ಮಂತ್ರಗಾರನ್ನ ಕರ್ಕೊಂಡು ಬಂದ್ವಿ. ನೀನು ಪ್ರಾಣದಂಗೆ ನೋಡ್ಕೊಳ್ಳೋ ವಸ್ತು ಯಾವ್ದು ಅಂತ ಇವರಪ್ಪನ್ನ ಕೇಳ್ದ. ಕಾರು ಅಂದ್ರು.”

ಮೋಹನ್‌ಬಾಬು ಹೆಂಡತಿಯ ಜೋತುಬಿದ್ದ ಕೈಯನ್ನು ಎತ್ತಿ ಹಾಸಿಗೆಯ ಮೇಲಿಟ್ಟ.

“ಕಾರನ್ನ ಎತ್ತಿ ತಿರುಗಿಸಲಿಲ್ಲಪ್ಪ. ಮಗೂನೇ ಎತ್ಕೊಂಡು ಕಾರಿನ ಸುತ್ತ ತಿರುಗಿದ್ವಿ. ಒಂದೊಂದು ಸುತ್ತಿಗೂ ಒಂದೊಂದು ಗಂಟು ಕಟ್ಟಿ ಅದರೊಳಗೆ ಇಟ್ಟ. ಮಗು ಕಣ್ಣು ಬಿಡ್ತು, ಕಾರಿನ ದೀಪ ಹೋಯ್ತು. ಮಗು ಅಮ್ಮಾ ಅಂತು, ಹಾರನ್ ಕೂಗಲಿಲ್ಲ. ‘ಇಕ್ಕಡ ಪೆಟ್ಟಿಂದಿ ಇಕ್ಕಡೇ ಉಂಡಾಲ’ ಅಂದ. ಇಲ್ಲಿಟ್ಟಿದ್ದು ಇಲ್ಲೇ ಇರಬೇಕು, ತೆಗೆದ್ರೆ ತನ್ನ ಮನೆ ಹುಡುಕಿಕೊಂಡು ಬರುತ್ತೆ ಅಂತ.”

“ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?”

“ಹೇಳಿದ್ರೆ ನೀವು ಇವಳನ್ನ ಮದುವೆ ಆಗ್ತಿದ್ರಾ?”

ನೆಂಟರಿಗೆಲ್ಲ ವಿಷಯ ಗೊತ್ತಿತ್ತು. ಸ್ವಂತ ಸೋದರಮಾವನ ಮಗನೇ ಒಲ್ಲೆ ಅಂದಿದ್ದ. ಅದಕ್ಕೇ ಸಂಬಂಧ ಬಿಟ್ಟು, ಗುರುತಿಲ್ಲದ ಗೌರಿಬಿದನೂರಿನಿಂದ ಗಂಡು ತಂದದ್ದು. ಯಾಮಿನಿಗೂ ಅದು ಟೈಫಾಯಿಡ್ ಎಂದೇ ಹೇಳಿ ಬೆಳೆಸಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಅಳಿಯನಿಗೆ ಮುನಿಗಂಗಮ್ಮ ಹೇಳಿದ್ದು ಒಂದೇ ಸುಳ್ಳು, ಅದನ್ನೂ ಬಾಯಿ ಮುಚ್ಚಿಕೊಂಡೇ ಹೇಳಿದ್ದಳು. ಅಳಿಯ ಬಿಟ್ಟು ಹೋದರೆ ಎಂಬ ಭಯಕ್ಕೆ, ಮಗಳ ಕಣ್ಣು ಹೋಗುವಾಗಲೂ ಮಾತು ಹೋಗುವಾಗಲೂ ಅದನ್ನೇ ನುಂಗಿಕೊಂಡು ಕೂತಿದ್ದಳು.

ಮೋಹನ್‌ಬಾಬುಗೆ ಮೈಯೆಲ್ಲ ಉರಿಯಿತು. ಮಂತ್ರ ಅವನ ಕಿವಿಗೆ ಬೀಳಲೇ ಇಲ್ಲ, ಮೋಸ ಮಾತ್ರ ಬಿತ್ತು. ಹಳೇ ಕಾಯಿಲೆ ಇತ್ತೆಂದು ಗೊತ್ತಿದ್ದರೆ ಡಾಕ್ಟರಿಗೆ ಆಗಲೇ ಹೇಳಬಹುದಿತ್ತಲ್ಲ! ಫೋನ್ ಮಾಡಿದ. ಆಂಬುಲೆನ್ಸ್ ಹೊರಟಿದೆ ಎಂದರು. ಅವನಿಗೆ ಕಾಯುವ ತಾಳ್ಮೆ ಇರಲಿಲ್ಲ. ಎಂಜಿನ್ನಿನ ಬಿಗಿತ ಹಿಂದಿನ ವಾರವೇ ಬಿಟ್ಟಿತ್ತು, ಟ್ಯಾಂಕಿನಲ್ಲಿ ಪೆಟ್ರೋಲು ಇತ್ತು. ಹೆಂಡತಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹಿತ್ತಿಲಿಗೆ ನಡೆದ.

“ಎಂಜಿನ್ ಮಾತ್ರ ಎಬ್ಬಿಸಬೇಡಿ!” ಅತ್ತೆ ಹಿಂದೆ ಓಡಿಬಂದಳು. “ಅದರಲ್ಲಿ ಅವಳ ಉಸಿರಿನ ಗಂಟಿದೆ. ಅದೊಂದು ಉಳಿದಿರೋದು.”

ಯಾಮಿನಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ. ಕೀಲಿ ತಿರುಗಿಸಿದ. ಎಂಜಿನ್ ಕೆಮ್ಮಿತು, ನಿಂತಿತು. ಮತ್ತೆ ಕೆಮ್ಮಿತು. ಗಾಳಿ ಸಾಲುತ್ತಿಲ್ಲ ಎಂದು ಅವನಿಗೆ ತಿಳಿಯಿತು. ಇಳಿದು ಏರ್ ಫಿಲ್ಟರಿನ ಮುಚ್ಚಳ ಬಿಚ್ಚಿದ. ಒಳಗೆ ಅರಿಶಿನದ ಬಟ್ಟೆಯ ಗಂಟು, ಅದರ ಬಾಯಿಂದ ಎಳೆಗೂದಲು ಇಣುಕುತ್ತಿತ್ತು. ಅವನ ಕೈ ಒಂದು ಗಳಿಗೆ ತಡೆಯಿತು. ತಡೆದ ಕೈಯ ಮೇಲೆ ಅವನಿಗೇ ನಾಚಿಕೆಯಾಯಿತು. ಗಂಟನ್ನು ಕಿತ್ತು ನೆಲಕ್ಕೆ ಎಸೆದ. ಬಿದ್ದದ್ದೇ ಅದು ಬೂದಿಯಂತೆ ಉದುರಿಹೋಯಿತು.

ಎಂಜಿನ್ ಒಂದೇ ಸಲಕ್ಕೆ ಎದ್ದಿತು.

ಹುಳುಮನೆಯ ಗೋಡೆ ಅದುರಿತು. ಹೊಗೆ ತುಂಬಿತು. ಹೊಗೆಗೆ ಪೆಟ್ರೋಲಿನ ವಾಸನೆ ಇರಲಿಲ್ಲ, ಕೊಳೆತ ಹುಳುವಿನ ವಾಸನೆ ಇತ್ತು. ಅವನು ಹಿಂದಿರುಗಿ ನೋಡಿದ. ಯಾಮಿನಿಯ ಬಾಯಿ ತೆರೆದಿತ್ತು. ಎದೆ ಏಳುತ್ತಿರಲಿಲ್ಲ.

ಕೀಲಿ ಕಿತ್ತ. ಎಂಜಿನ್ ನಿಲ್ಲಲಿಲ್ಲ. ಬ್ಯಾಟರಿಯ ವೈರು ಕಿತ್ತ. ನಿಲ್ಲಲಿಲ್ಲ. ಪೆಟ್ರೋಲಿನ ಕೊಳವೆ ಎಳೆದು ಬಿಸಾಡಿದ. ಕೈಯೆಲ್ಲ ಪೆಟ್ರೋಲು. ನಿಲ್ಲಲಿಲ್ಲ. ಎಣ್ಣೆಯೇ ಇಲ್ಲದೆ, ಕಿಡಿಯೇ ಇಲ್ಲದೆ ಓಡುತ್ತಿತ್ತು. ಐಟಿಐ ಹುಡುಗರಿಗೆ ಹೇಳಿಕೊಟ್ಟ ಯಾವ ಪಾಠದಲ್ಲೂ ಅದಕ್ಕೆ ಕಾರಣ ಇರಲಿಲ್ಲ. ಒಳಗಿಂದ ಅದೇ ಸರಸರ ಸದ್ದು. ಸಾವಿರ ಬಾಯಿ. ಮೇಯುತ್ತಿವೆ. ಯಾಮಿನಿಯ ತುಟಿ ನೀಲಿ. ಉಗುರು ನೀಲಿ.

“ಅತ್ತೆ, ಏನಾದ್ರೂ ಮಾಡಿ,” ಎಂದ. ಆ ಮಾತು ತನ್ನ ಬಾಯಿಂದ ಬಂತೆಂದು ಅವನಿಗೆ ನಂಬಿಕೆಯಾಗಲಿಲ್ಲ.

“ಒಂದು ಸಲ ಬಿಟ್ಟಿದ್ದನ್ನ ಕಾರು ಮತ್ತೆ ಒಪ್ಪಿಕೊಳ್ಳಲ್ಲ. ಜೀವ ಇರೋದೇ ಬೇಕು.” ಮುನಿಗಂಗಮ್ಮ ಕೊರಳಿನ ಕರಿದಾರ ಹರಿದಳು. ಮಗಳ ತಲೆಯಿಂದ ಕೂದಲು ಕಿತ್ತು ಅದರ ಜೊತೆ ಹೊಸೆದಳು. ಅವಳ ಬೆರಳಿಗೆ ಎಲ್ಲ ನೆನಪಿತ್ತು. “ಕೈ ಕೊಡಿ ಅಳೀಂದ್ರೆ.”

ಕೊಟ್ಟ. ಮಗಳ ಮುಖದ ಸುತ್ತ ದಾರ ತಿರುಗಿಸಿ ಅವನ ಮಣಿಕಟ್ಟಿಗೆ ಮೊದಲ ಗಂಟು ಹಾಕಿದಳು.

ಕತ್ತಲೆ. ಹೊಗೆಯ ಕತ್ತಲೆಯಲ್ಲ. ರೆಪ್ಪೆ ಬಡಿದರೂ ಕದಲದ ಕತ್ತಲೆ. ಆಗ ಅವನಿಗೆ ಎಲ್ಲ ಅರ್ಥವಾಯಿತು. ಕೈ ಎಳೆದುಕೊಳ್ಳಬಹುದಿತ್ತು. ಅತ್ತೆಯ ಮುದಿಗೈಯನ್ನು ಕೊಡವಿ ಓಡಬಹುದಿತ್ತು. ಅವನು ಆ ಹುಡುಗಿಯನ್ನು ಪ್ರೀತಿಸುತ್ತಿದ್ದ. ಕಾರಿಗಿಂತ, ಹೆಸರಿಗಿಂತ, ಎಲ್ಲಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ. ಕೈಯನ್ನು ಹಾಗೇ ಚಾಚಿಕೊಂಡು ನಿಂತ.

ಎರಡನೇ ಗಂಟು. ಯಾಮಿನಿ ಎನ್ನಲು ಹೋದ, ನಾಲಿಗೆ ಮರದ ತುಂಡಾಗಿತ್ತು. ಮೂರನೇ ಗಂಟು. ಮಂಡಿ ಮಡಚಿತು. ಕೆನ್ನೆ ನೆಲಕ್ಕೆ ಬಡಿಯಿತು.

“ನಾಲ್ಕನೇದು ನಿಮಗೆ ಬೇಡಪ್ಪ. ಅದು ನಂದು,” ಎಂಬ ಅತ್ತೆಯ ಮಾತು ಅವನಿಗೆ ತಲೆಯ ಮೇಲಿಂದ ಕೇಳಿಸಿತು.

ಎಂಜಿನ್ ನಿಂತಿತು. ಪಕ್ಕದಲ್ಲಿ ಏನೋ ಮೆತ್ತಗೆ ಬಿತ್ತು. ಆಮೇಲೆ ಸೀಟಿನ ಮೇಲಿಂದ ಉದ್ದವಾಗಿ, ಆಸೆಯಿಂದ ಎಳೆದುಕೊಂಡ ಒಂದು ಉಸಿರು.

ಅತ್ತೆಗೆ ಆದದ್ದು ಹೃದಯಾಘಾತ, ಅಳಿಯನಿಗೆ ಆದದ್ದು ಸ್ಟ್ರೋಕ್ ಎಂದು ಡಾಕ್ಟರುಗಳು ಬರೆದರು. ಮುನಿಗಂಗಮ್ಮನನ್ನು ತೋಟದಲ್ಲಿ ಮಣ್ಣು ಮಾಡಿದರು. ಕಾರನ್ನು ಚಿಂತಾಮಣಿಯ ಗುಜರಿಯವರು ತುಂಡು ಮಾಡಿ ಒಯ್ದರು. ಸೀಟಿನಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದ ಯಾಮಿನಿಗೆ ಅಲ್ಲಿ ನಡೆದದ್ದು ಏನೂ ಗೊತ್ತಿರಲಿಲ್ಲ. ತನ್ನನ್ನು ಉಳಿಸಲು ಹೋಗಿ ಗಂಡ ಹೀಗಾದನೆಂದು ಅಳುತ್ತಿದ್ದಳು. ಅವನಿಗೆ ಸ್ನಾನ ಮಾಡಿಸುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು, ಇವತ್ತಿನ ಗೂಡಿಗೆ ಎಷ್ಟು ರೇಟು ಸಿಕ್ಕಿತು ಎಂದು ಕಿವಿಯ ಹತ್ತಿರ ಕೂತು ಹೇಳುತ್ತಿದ್ದಳು. ಅವಳ ಹೆಜ್ಜೆಯ ಸದ್ದು, ಅವಳ ಮಾತು, ಅವಳ ನಗು. ಅವನ ಪಾಲಿನ ಲೋಕ ಅಷ್ಟೇ. ಅದು ಸಾಕು ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಅವಳು ಬಂದು ಮಂಚದ ಅಂಚಿಗೆ ಕೂತು ಅವನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

“ಅಮ್ಮನ ಕೊರಳಿನ ದಾರ ಅಂತ ಇಷ್ಟು ದಿನ ಬಿಟ್ಟಿದ್ದೆ ಕಣ್ರೀ. ಕೈ ಊದಿಕೊಂಡು ದಾರ ಚರ್ಮದೊಳಗೆ ಇಳಿದಿದೆ, ಕೀವು ಆಗ್ತಿದೆ. ಇವತ್ತೇ ತೆಗೆದುಬಿಡಿ ಅಂದ್ರು ಡಾಕ್ಟ್ರು.”

ಅವನಲ್ಲಿ ಅಲ್ಲಾಡುತ್ತಿದ್ದದ್ದು ಕತ್ತೊಂದೇ. ಬೇಡ ಎಂದು ಆ ಕಡೆ ಈ ಕಡೆ ಆಡಿಸಿದ. ದಿಂಬು ಜಾರುವಷ್ಟು ಆಡಿಸಿದ. ಅವಳು ಅವನ ಹಣೆಯನ್ನು ಮೆಲ್ಲಗೆ ಒತ್ತಿ ಹಿಡಿದಳು.

“ನೋವಾಗುತ್ತೆ ಅಂತ ಗೊತ್ತು. ಒಂದು ನಿಮಿಷ ತಡ್ಕೊಳ್ಳಿ. ಮೂರೇ ಗಂಟು ಇರೋದು.”

ಕತ್ತರಿಯ ತಣ್ಣನೆ ತುದಿ ಮಣಿಕಟ್ಟಿಗೆ ತಾಕಿತು. ಗಂಟಿನೊಳಗೆ ತೂರಿತು. ಕಚಕ್.

ಬೆಳಕು ನುಗ್ಗಿತು. ಎಷ್ಟೋ ತಿಂಗಳ ಮೇಲೆ ಅವನು ಮೊದಲು ಕಂಡದ್ದು ಅವಳ ಮುಖ. ಸೊರಗಿತ್ತು, ಚೆಂದವಾಗಿತ್ತು. ಅವಳ ಹಿಂದೆ ಕಿಟಕಿಯ ತುಂಬ ಬಿಸಿಲಿತ್ತು.

“ರೀ, ಕರೆಂಟ್ ಹೋಯ್ತಾ?” ಎಂದಳು.

ಅವನ ಮಾತು ಇನ್ನೂ ಗಂಟಿನಲ್ಲೇ ಇತ್ತು. ಅವಳ ಬೆರಳು ಮಣಿಕಟ್ಟಿನ ಮೇಲೆ ತಡಕಾಡಿ ಎರಡನೇ ಗಂಟನ್ನು ಹಿಡಿಯಿತು.