ಇಪ್ಪತ್ನಾಲ್ಕನೆಯ ವಾರ

ಚೀಲದೊಳಗಿನ ಮಗು ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಮೊದಲ ಸಲ ಕಾಲು ಚಾಚಿತು. ಡಾ. ಇಂದುಮತಿ ಬಡಿಗೇರ ಗಡಿಯಾರ ನೋಡಿ ಸಮಯ ಬರೆದರು. ಆಮೇಲೆ ಪೆನ್ನು ಕೆಳಗಿಟ್ಟು ಗೋಡೆಗೆ ಒರಗಿ ನಿಂತರು. ಹಿಂದಿನ ದಿನದಿಂದ ಅವರು ಕೂತಿರಲಿಲ್ಲ.

೨೦೪೭ರ ಫೆಬ್ರುವರಿ ಅದು. ಹುಬ್ಬಳ್ಳಿಯ ಹೊರವಲಯದ ಶಿಶು ಸಂಶೋಧನಾ ಕೇಂದ್ರದ ಆ ಕೋಣೆಯಲ್ಲಿ ಮಂದವಾದ ಕೆಂಪು ಬೆಳಕಿತ್ತು. ಮೇಜಿನ ಮೇಲೆ ದಿಂಬಿನಷ್ಟು ದೊಡ್ಡ ಪಾರದರ್ಶಕ ಚೀಲ. ಅದರ ತುಂಬ ಮೈಬಿಸುಪಿನ ನೀರು; ತಾಯಿಯ ಗರ್ಭದ ನೀರಿನಲ್ಲಿ ಏನೇನು ಲವಣಗಳಿರುತ್ತವೋ ಅವೆಲ್ಲ ಅದರಲ್ಲಿದ್ದವು. ಒಳಗೆ ಐನೂರ ನಲವತ್ತು ಗ್ರಾಂ ತೂಕದ ಹೆಣ್ಣುಮಗು. ಅದರ ಹೊಕ್ಕುಳಬಳ್ಳಿಯ ರಕ್ತನಾಳಗಳು ಚೀಲದ ಆಚೆ ಇದ್ದ ಪುಟ್ಟ ಪೆಟ್ಟಿಗೆಗೆ ಸೇರಿದ್ದವು. ರಕ್ತ ಅಲ್ಲಿಗೆ ಹರಿದು, ಆಮ್ಲಜನಕ ತುಂಬಿಕೊಂಡು ಮಗುವಿಗೆ ಮರಳುತ್ತಿತ್ತು. ರಕ್ತವನ್ನು ತಳ್ಳಲು ಪಂಪು ಇರಲಿಲ್ಲ. ಮಗುವಿನ ಹೃದಯವೇ ಆ ಕೆಲಸ ಮಾಡುತ್ತಿತ್ತು. ಶ್ವಾಸಕೋಶ ಬಲಿಯದ ಕೂಸನ್ನು ಉಸಿರಾಡು ಎಂದು ಒತ್ತಾಯಿಸುವ ಬದಲು, ನೀನಿನ್ನೂ ಹುಟ್ಟಿಲ್ಲ ಎಂದು ಅದನ್ನು ನಂಬಿಸುವುದು ಇಂದುಮತಿಯವರ ಶೋಧದ ತಿರುಳು. ಅದಕ್ಕೆ ಅವರು ಇಟ್ಟ ಹೆಸರು 'ಮಡಿಲು'. ಜನ ಅದನ್ನು ಚೀಲ ಎಂದೇ ಕರೆದರು.

ಇಂದುಮತಿಯವರ ಅಕ್ಕನ ಮಗು ಆರನೆಯ ತಿಂಗಳಿಗೆ ಹುಟ್ಟಿ, ಎರಡು ದಿನ ಏದುಸಿರು ಬಿಟ್ಟು ಹೋಗಿತ್ತು. ಆಗ ಅವರಿಗೆ ಹದಿನಾರು ವರ್ಷ. ಅಲ್ಲಿಂದ ಮುಂದೆ ಅವರು ಓದಿದ್ದೆಲ್ಲ ಆ ಎರಡು ದಿನಗಳಿಗಾಗಿ.

ಮಗುವಿನ ತಾಯಿ ಸುಮಂಗಲಾ ತಳವಾರ, ಊರಾಚೆಯ ಬ್ಯಾಟರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಇಪ್ಪತ್ತೊಂದರ ಹುಡುಗಿ. ಕೆಲಸದ ನಡುವೆ ನೀರು ಒಡೆದು ಇಲ್ಲಿಗೆ ಬಂದಿದ್ದಳು. ದಿನಕ್ಕೆ ಎರಡು ಸಲ ಗಾಜಿನಾಚೆ ನಿಂತು ನೋಡುತ್ತಿದ್ದಳು. ಮೇ ತಿಂಗಳ ಕೊನೆಗೆ, ದಿನ ತುಂಬಿದ ಮೇಲೆ, ಚೀಲ ಬಿಚ್ಚಿದರು. ಮಗು ಅತ್ತಿತು. ಸುಮಂಗಲಾಳ ತಾಯಿ ನೀಲವ್ವ ಇಡೀ ಕೇಂದ್ರಕ್ಕೆ ಗೋಧಿ ಹುಗ್ಗಿ ಮಾಡಿಕೊಂಡು ಬಂದಳು. ಮಗುವಿಗೆ ಮುಕ್ತಾ ಎಂದು ಹೆಸರಿಟ್ಟರು.

ಆ ಮೇಲಿನ ಆರು ವರ್ಷಗಳಲ್ಲಿ ಆದದ್ದನ್ನೆಲ್ಲ ಇಂದುಮತಿ ಸಂತೋಷದಿಂದಲೇ ನೋಡಿದರು. ಒಂದು ಚೀಲ ಆರಾಯಿತು, ಆರು ಅರವತ್ತಾಯಿತು. ಮೊದಲು ಪ್ರಾಣಕ್ಕೆ ಬಂದ ಹೆರಿಗೆಗಳಿಗೆ ಮಾತ್ರ ಇತ್ತು. ಬಳಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಬಸುರಿಯರಿಗೂ ಬಳಸಿದರು. ಆಮೇಲೆ ಬೆನ್ನುನೋವಿನವರಿಗೂ. ಗರ್ಭದಿಂದ ಚೀಲಕ್ಕೆ ಮಗುವನ್ನು ಸಾಗಿಸುವುದಕ್ಕೆ ಕಾಗದಪತ್ರಗಳಲ್ಲಿ 'ವರ್ಗಾವಣೆ' ಎಂಬ ಹೆಸರು ಬಂತು. ಯಾರು ಇಟ್ಟರೋ ಗೊತ್ತಿಲ್ಲ. ಹೊಟ್ಟೆಯಲ್ಲಿ ಸಣ್ಣ ಗಾಯ, ಮೂರು ದಿನದ ವಿಶ್ರಾಂತಿ, ಅಷ್ಟೇ. ಇಂದುಮತಿ ನಿರ್ದೇಶಕಿಯಾದರು, ದೇಶ ದೇಶ ತಿರುಗಿ ಹೊಸ ಕೇಂದ್ರಗಳನ್ನು ಉದ್ಘಾಟಿಸಿದರು.

ಮೊದಲು ಸಂಶಯ ಬಂದದ್ದು ಸಿಸ್ಟರ್ ಫಿಲೋಮಿನಾ ಅವರಿಗೆ. ಕಾರವಾರದ ಕಡೆಯ ಆ ಹಿರಿಯ ನರ್ಸು ಒಂದು ಮಧ್ಯಾಹ್ನ ದಾಖಲಾತಿ ಪುಸ್ತಕ ಹಿಡಿದು ನಿರ್ದೇಶಕಿಯ ಕೋಣೆಗೆ ಬಂದರು.

"ಮೇಡಂ, ಹೋದ ತಿಂಗಳು ಅರವತ್ತೊಂದು ಮಕ್ಕಳು ಬಂದಿವೆ. ಅದರಲ್ಲಿ ಐವತ್ತೆರಡು ಶನಿವಾರ ಬಂದಿವೆ."

"ಶನಿವಾರ ಏನು ವಿಶೇಷ?"

"ಅದನ್ನೇ ಕೇಳೋಣ ಅಂತ ಬಂದೆ. ದಿನ ತುಂಬದೆ ಹುಟ್ಟೋ ಮಗುವಿಗೆ ಇವತ್ತು ಶನಿವಾರ ಅಂತ ಹೇಗೆ ಗೊತ್ತಾಗುತ್ತೆ? ಎಲ್ಲವೂ ಇಪ್ಪತ್ನಾಲ್ಕನೇ ವಾರದವು. ಇಪ್ಪತ್ಮೂರಿಲ್ಲ, ಇಪ್ಪತ್ತೈದಿಲ್ಲ. ತಾಯಂದಿರಿಗೆ ಕಾಯಿಲೆಯೂ ಇಲ್ಲ. ಭಾನುವಾರ ಸೋಮವಾರ ಮಲಗಿದ್ದು ಮಂಗಳವಾರ ಕೆಲಸಕ್ಕೆ ಹೋಗ್ತಾರೆ."

ಇಂದುಮತಿ ಪುಸ್ತಕ ತಿರುವಿದರು. ಉದ್ಯೋಗದ ಕಾಲಂನಲ್ಲಿ ಕಾರ್ಖಾನೆ, ಕಾಲ್ ಸೆಂಟರ್, ಶಾಲೆ, ಬ್ಯಾಂಕು. ಹಾಳೆಯಿಂದ ಹಾಳೆಗೆ ಅದೇ. ಕಳೆದ ಎರಡು ವರ್ಷಗಳಲ್ಲಿ ಈ ಪುಸ್ತಕವನ್ನು ತಾವೊಮ್ಮೆಯೂ ತೆರೆದಿರಲಿಲ್ಲ ಎಂಬುದು ಆಗ ಹೊಳೆಯಿತು.

ಆ ವಾರವೇ ಸುಮಂಗಲಾ ಬಂದಳು. ಎರಡನೆಯ ಬಸುರು, ಇಪ್ಪತ್ತೆರಡು ವಾರ. ಕುರ್ಚಿಯ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಸುತ್ತುತ್ತಿದ್ದಳು.

"ಮೇಡಂ, ಈ ಸಲ ಕೂಸು ನನ್ನ ಹೊಟ್ಟ್ಯಾಗ ಇರ್ಲಿ ಅನ್ನಿಸ್ತೈತ್ರಿ."

"ಇರ್ಲಲ್ಲ. ಅದಕ್ಯಾಕ ನನ್ನ ಕೇಳ್ತಿ?"

"ನಿಮ್ಮ ಪತ್ರ ಬೇಕ್ರಿ. ಪತ್ರ ಇಲ್ಲಂದ್ರ ಫ್ಯಾಕ್ಟರ್‍ಯಾಗ ರಜಾ ಕೊಡೂದಿಲ್ರಿ. ಚೀಲದ ಸೌಲಭ್ಯ ಇದ್ದೂ ಹೊತಗೊಂಡು ತಿರಗೂದು ನಿನ್ನ ಹಟ ಅಂತಾರ. ಹೊಟ್ಟಿ ಮುಂದ ಬಂದ್ರ ಮಶಿನ್ ಹತ್ರ ನಿಲ್ಲಾಕ ಬಿಡೂದಿಲ್ಲ. ನಾನೂ ನಮ್ಮನಿಯವ್ರೂ ಅಲ್ಲೇ ದುಡ್ಯಾವ್ರು, ಮನೀನೂ ಫ್ಯಾಕ್ಟರಿಯವರದ."

ಇಂದುಮತಿ ಕೇಳಿದರು. "ಮುಕ್ತಾ ಆರಾಮ ಅದಾಳಿಲ್ಲೋ?"

"ಭಾಳ ಆರಾಮ ಅದಾಳ್ರಿ. ಅಕೀ ಉಳದದ್ದು ನಿಮ್ಮಿಂದ, ಅದನ್ನ ಮರಿಯಾಂಗಿಲ್ರಿ. ಆದ್ರ ಅಕೀ ಜೋರಾಗಿ ಒದ್ದಿದ್ದು ಚೀಲದಾಗ, ನನಗ ಗೊತ್ತಾಗ್ಲಿಲ್ಲ. ಗಾಜಿನ ಹೊರಗ ನಿಂತು ನೋಡ್ದೆ. ಇದು ಮೊನ್ನಿ ಒಳಗ ಒದೀತ್ರಿ." ಅವಳು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಅದಕ್ಕ ಬಂದೆ."

ಇಂದುಮತಿ ಕಂಪ್ಯೂಟರಿನಲ್ಲಿ ನಮೂನೆ ತೆರೆದರು. 'ವರ್ಗಾವಣೆ ಮಾಡದಿರಲು ಕಾರಣ' ಎಂಬ ಶೀರ್ಷಿಕೆಯ ಕೆಳಗೆ ಹದಿನೆಂಟು ಕಾಯಿಲೆಗಳ ಹೆಸರಿದ್ದವು. ತಾಯಿಯ ಇಷ್ಟ ಎಂಬುದು ಅದರಲ್ಲಿರಲಿಲ್ಲ. ಅವರು ಅದನ್ನೇ ಬೆರಳಚ್ಚು ಮಾಡಿ ನೋಡಿದರು. ಪರದೆ ಅದನ್ನು ಅಳಿಸಿ, ಪಟ್ಟಿಯಿಂದ ಆರಿಸಿ ಎಂದಿತು.

"ಹೃದಯದ ತೊಂದ್ರಿ ಅಂತ ಬರೀಲೇನು?" ಇಂದುಮತಿಯ ದನಿ ತಗ್ಗಿತ್ತು. ಮೂವತ್ತು ವರ್ಷಗಳ ವೃತ್ತಿಯಲ್ಲಿ ಅವರು ಸುಳ್ಳು ಪ್ರಮಾಣಪತ್ರ ಬರೆದಿರಲಿಲ್ಲ.

"ಬ್ಯಾಡ್ರಿ. ಹೃದಯ ಸರಿ ಇಲ್ಲದಾಕೀನ ಕೆಲಸದಾಗ ಯಾರ ಇಟಗೊಂತಾರ?"

ಸುಮಂಗಲಾ ಹೋದ ಮೇಲೆ ಅವರು ರಾಜಧಾನಿಗೆ ಫೋನು ಮಾಡಿದರು. ಈ ರಜೆಯ ನಿಯಮ ರೂಪಿಸಿದ ಹೆರಿಗೆ ಸುರಕ್ಷತಾ ಸಮಿತಿಯ ಅಧ್ಯಕ್ಷ ಪುರುಷೋತ್ತಮ ಹೊಳ್ಳರು ಅವರಿಗೆ ಪರಿಚಿತರೇ, ಸೌಮ್ಯ ಸ್ವಭಾವದವರು.

"ಡಾಕ್ಟರೇ, ನಾವು ಯಾರನ್ನೂ ಬಲವಂತ ಮಾಡ್ತಿಲ್ಲವಲ್ಲ," ಅಂದರು ಹೊಳ್ಳರು. "ಬೇಡ ಅಂದವರು ಬೇಡ ಅನ್ನಬಹುದು. ರಜೆ ಸಿಗೋದಿಲ್ಲ, ಅಷ್ಟೆ. ಇರುವ ಸೌಲಭ್ಯ ಬಿಟ್ಟವರಿಗೆ ಸಂಸ್ಥೆಗಳು ಯಾಕೆ ರಜೆ ಕೊಡಬೇಕು, ನೀವೇ ಹೇಳಿ."

"ಆರೋಗ್ಯವಂತ ತಾಯಿಯ ಹೊಟ್ಟೆಯಿಂದ ಮಗು ತೆಗೆಯೋದಕ್ಕೆ ನಾನು ಈ ಯಂತ್ರ ಮಾಡಲಿಲ್ಲ."

"ನಿಮ್ಮದೇ ಪ್ರಬಂಧ ನನ್ನ ಮುಂದಿದೆ. ಚೀಲದಲ್ಲಿ ಸೋಂಕು ಕಡಿಮೆ, ಅಪಘಾತ ಇಲ್ಲ, ಪೋಷಣೆ ಕರಾರುವಾಕ್ಕು. ಗರ್ಭಕ್ಕಿಂತ ಸುರಕ್ಷಿತ ಅಂತ ಬರೆದವರು ನೀವು. ಅದಕ್ಕಿಂತ ಅಪಾಯದ ಜಾಗದಲ್ಲಿ ಮಗುವನ್ನು ಇಟ್ಟುಕೊಳ್ಳೋಕೆ ನಾವು ಪ್ರೋತ್ಸಾಹ ಕೊಡಬೇಕೇ? ಮುಂದಿನ ವರ್ಷದ ಕಾಯಿದೆಯ ಕರಡಿನಲ್ಲಿ ಚೀಲ ಮಗುವಿನ ಹಕ್ಕು ಅಂತ ಸೇರಿಸ್ತಾ ಇದ್ದೇವೆ."

ಆ ವಾಕ್ಯ ತಮ್ಮದೇ ಎಂದು ಇಂದುಮತಿಗೆ ಚೆನ್ನಾಗಿ ನೆನಪಿತ್ತು. ಅದನ್ನು ಬರೆಯುವಾಗ ಅವರ ಕಣ್ಣ ಮುಂದೆ ಇದ್ದದ್ದು ಅಕ್ಕನ ಮಗು. ಅವರು ಮಾತು ಮುಂದುವರಿಸಲು ನೋಡಿದರು, ಅಷ್ಟರಲ್ಲಿ ಹೊಳ್ಳರು ನಮಸ್ಕಾರ ಹೇಳಿಯಾಗಿತ್ತು.

ಎರಡು ವಾರ ಅವರು ಸುಮ್ಮನೆ ಕೂರಲಿಲ್ಲ. ಪ್ರಬಂಧಕ್ಕೆ ತಿದ್ದುಪಡಿ ಬರೆದು ಕಳಿಸಿದರು. ವಿಜ್ಞಾನ ಪತ್ರಿಕೆ ಪರಿಶೀಲನೆಗೆ ಆರು ತಿಂಗಳು ಕೇಳಿತು. ಕಾರ್ಖಾನೆಗೆ ಖುದ್ದಾಗಿ ಹೋದರು. ಅಲ್ಲಿಯ ಮ್ಯಾನೇಜರು ಎದ್ದು ನಿಂತು, ಅವರ ಶೋಧದಿಂದ ಎಷ್ಟು ಹೆಣ್ಣುಮಕ್ಕಳ ನೌಕರಿ ಉಳಿದಿದೆಯೆಂದು ಕೊಂಡಾಡಿ, ಶಾಲು ಹೊದಿಸಿ ಕಳಿಸಿದ. ಶಾಲು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೇಂದ್ರಕ್ಕೆ ಮರಳಿದರು.

ಶನಿವಾರ ಬೆಳಿಗ್ಗೆ ಸುಮಂಗಲಾ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿ ಹೆಣೆದಿದ್ದಳು. ಜೊತೆಗೆ ನೀಲವ್ವ. ಹೊರಗೆ ಸಾಲಿನಲ್ಲಿ ಇನ್ನೂ ಹದಿಮೂರು ಹೆಂಗಸರು ಬಿಸಿಲಿಗೆ ಮುಖ ಮಾಡಿ ಕೂತಿದ್ದರು.

"ಬರಬ್ಯಾಡಾಗಿತ್ತಲ್ಲ," ಅಂದರು ಇಂದುಮತಿ.

"ಬರದ ಏನ್ ಮಾಡ್ಲಿ ಮೇಡಂ? ನೀವ ತಗೀರಿ. ಬ್ಯಾರೇದವ್ರ ಕೈಯಾಗ ಬ್ಯಾಡ."

ಇಂದುಮತಿ ಕೈಗವಸು ಹಾಕಿಕೊಂಡರು. ಬೇಡವೆಂದರೆ ಪಕ್ಕದ ಕೋಣೆಯ ತರುಣ ವೈದ್ಯ ಅದೇ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಿದ್ದ. ಅವರು ನಲವತ್ತು ನಿಮಿಷ ತೆಗೆದುಕೊಂಡರು. ಆರುನೂರ ಹತ್ತು ಗ್ರಾಂ, ಹೆಣ್ಣು. ಎಲ್ಲ ಸುಸೂತ್ರವಾಯಿತು. ಅಷ್ಟು ಸುಸೂತ್ರವಾದದ್ದೇ ಅವರಿಗೆ ಹೆದರಿಕೆ ಹುಟ್ಟಿಸಿತು.

ಮಗುವನ್ನು ದೊಡ್ಡ ಹಜಾರಕ್ಕೆ ಒಯ್ದರು. ಅಲ್ಲಿ ಇನ್ನೂರ ನಲವತ್ತು ಚೀಲಗಳು ಕೆಂಪು ಬೆಳಕಿನಲ್ಲಿ ಸಾಲಾಗಿ ತೂಗುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಯಿಂದ ಪೇಢೆಯ ಡಬ್ಬಿ ಬಂತು, ಮೇಲೆ ಬಣ್ಣದ ಅಕ್ಷರದಲ್ಲಿ 'ಹೊಸ ಅತಿಥಿಗೆ ಸ್ವಾಗತ'. ಉಳಿದವರ ಸಂಸ್ಥೆಗಳಿಂದ ಬಂದ ಹದಿಮೂರು ಡಬ್ಬಿಗಳ ಮೇಲೂ ಅದೇ ಬರಹವಿತ್ತು.

ನೀಲವ್ವ ಮೊಮ್ಮಗಳ ಚೀಲದ ಮುಂದೆ ಸ್ಟೂಲು ಎಳೆದುಕೊಂಡು ಕೂತಿದ್ದಳು. ಐವತ್ತರ ಹೆಂಗಸು, ಪೇಢೆ ಮುಟ್ಟಿರಲಿಲ್ಲ. ಇಂದುಮತಿ ಅವಳ ಪಕ್ಕ ಬಂದು ನಿಂತರು.

"ನನ್ನ ಮ್ಯಾಲೆ ಸಿಟ್ಟೇನು, ನೀಲವ್ವಾರ?"

"ನಿಮ್ಮ ಮ್ಯಾಲ್ಯಾಕ ಸಿಟ್ಟು ಅಕ್ಕಾರ?" ನೀಲವ್ವ ತಿರುಗಿ ನೋಡಲಿಲ್ಲ. "ಸುಮಂಗಲಾ ಹೊಟ್ಟ್ಯಾಗಿದ್ದಾಗ ನಾನು ಗಾರ್ಮೆಂಟ್ಸನ್ಯಾಗ ಇದ್ದೆ. ಎರಡು ಸಾವಿರದ ಇಪ್ಪತ್ತೈದು ಆಗ. ಕೆಲಸಕ್ಕ ಸೇರಾಕ ಹೋದಾಗ ಮೊದಲ್ನೇ ಪ್ರಶ್ನೇನ ಅದು: ಮದುವಿ ಆಗೇತೇನು, ಮಕ್ಕಳು ಯಾವಾಗ ಅಂತ. ಹೊಟ್ಟಿ ಕಂಡ್ರ ಬಿಡಿಸ್ತಿದ್ರು. ಏಳನೇ ತಿಂಗಳ ತನಕಾ ಗಂಡನ ದೊಗಳಿ ಅಂಗಿ ಹಾಕ್ಕೊಂಡು, ಹೊಟ್ಟಿಗೆ ಬಟ್ಟಿ ಬಿಗದು ಕುಂತು ಹೊಲದೀನಿ. ನಮ್ಮ ಸಾಲಿನ್ಯಾಗ ಮೂರು ಮಂದಿ ಹಂಗ ಇದ್ವಿ. ಒಬ್ಬಾಕೀ ಕೂಸು ಅಲ್ಲೇ ಹೋತು."

"ಕಾಯಿದೆ ಇತ್ತಲ್ಲ ಆಗ? ಆರು ತಿಂಗಳ ರಜಾ?"

"ಕಾಯಿದೆ ಇತ್ರಿ. ಗ್ವಾಡಿ ಮ್ಯಾಲೆ ಬರದು ಹಚ್ಚಿದ್ರು. ಕೇಳಿದಾಕಿಗೆ ಮರುದಿನ ಗೇಟಿನ್ಯಾಗ ಬಿಡ್ತಿರ್ಲಿಲ್ಲ. ಎಲ್ಲಾರಿಗೂ ಗೊತ್ತಿತ್ತು. ನಾವು ಹೊಲದ ಅಂಗಿ ಹಾಕ್ಕೊಳ್ಳಾವ್ರಿಗೂ ಗೊತ್ತಿತ್ತು."

ಚೀಲದೊಳಗಿನ ಕೂಸು ನೀರಿನಲ್ಲಿ ಮೆಲ್ಲಗೆ ಹೊರಳಿ ಬೆನ್ನು ತೋರಿಸಿತು. ನೀಲವ್ವ ಅದನ್ನೇ ನೋಡುತ್ತ ಹೇಳಿದಳು.

"ಆಗ ಈ ಚೀಲ ಒಂದ ಇರಲಿಲ್ಲ ನೋಡ್ರಿ. ಉಳದದ್ದೆಲ್ಲಾ ಇತ್ತು."